ಹೇರ್ ಪ್ಯಾಚ್ ವಿಷ್ಯ ಹುಡುಗಿಗೆ ಯಾವಾಗ ಹೇಳ್ಬೇಕು? (ಮದುವೆ ಮಾತುಕತೆ ನಡೀತಿದೆ, ಸೀರಿಯಸ್ಸಾಗಿ ಹೇಳಿ)

ಬೆಣ್ಣೆದೋಸೆ_32
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ವಯಸ್ಸು 32, ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ ಟೆಸ್ಟಿಂಗು. ಇಪ್ಪತ್ತೈದು ದಾಟ್ತಿದ್ದಂಗೆ ಮುಂದಿನ ಕೂದಲು ಹೋಗೋಕೆ ಶುರುವಾಗಿ ಈಗ ನೆತ್ತಿ ಪೂರ್ತಿ ಖಾಲಿ, ಸೈಡಲ್ಲಿ ಹಿಂದೆ ಮಾತ್ರ ಇದೆ. ನಂಗೇನು ಅದು ದೊಡ್ಡ ವಿಷ್ಯ ಅನ್ಸಿರ್ಲಿಲ್ಲ, ಆಫೀಸಲ್ಲಿ ಟ್ರಿಮ್ ಮಾಡ್ಕೊಂಡು ಆರಾಮಾಗಿದ್ದೆ. ಮನೇಲಿ ಹುಡುಗಿ ನೋಡೋಕೆ ಶುರು ಮಾಡಿದ್ಮೇಲೆ ಒಂದೆರಡು ಕಡೆಯಿಂದ ಫೋಟೋ ನೋಡೇ ಬೇಡ ಅಂದ್ರು, ಅಮ್ಮ ಹಠ ಮಾಡಿ ಹೇರ್ ಪ್ಯಾಚ್ ಹಾಕ್ಸಿದ್ರು. ಗೊತ್ತಿಲ್ದೋರಿಗೆ ಹೇಳ್ತೀನಿ, ವಿಗ್ ಥರದ್ದೇ, ನೆತ್ತಿ ಬೋಳಿಸಿ ಸುತ್ತ ಟೇಪು, ಮುಂದ್ಗಡೆ ಅಂಟು ಹಾಕಿ ಕೂರಿಸ್ತಾರೆ, ಮೂರ್ನಾಲ್ಕು ವಾರಕ್ಕೊಂದ್ಸಲ ಹೋಗಿ ಬಿಚ್ಚಿಸಿ ತೊಳೆಸಿ ಮತ್ತೆ ಅಂಟಿಸ್ಕೋಬೇಕು. ಬೆವರಿದ್ರೆ ಒಳಗೆ ಕಡಿಯತ್ತೆ, ಆದ್ರೆ ಕೆರ್ಕೊಳೋಕಾಗಲ್ಲ, ಮೇಲಿಂದ ಬೆರಳಲ್ಲಿ ತಟ್ಕೋಬೇಕು ಅಷ್ಟೆ.

ಈಗ ಶಿವಮೊಗ್ಗದ ಹುಡುಗಿ ಒಬ್ರು, ಟೀಚರ್ರು. ಎರಡೂ ಕಡೆ ಒಪ್ಪಿಗೆ ಥರಾನೇ ಇದೆ, ನಾವಿಬ್ರೂ ದಿನಾ ಫೋನಲ್ಲಿ ಮಾತಾಡ್ತಿದೀವಿ, ಅವರು ಮಾತಾಡೋ ರೀತಿ ತುಂಬಾ ಇಷ್ಟ ಆಗಿದೆ. ಮೊನ್ನೆ ವಿಡಿಯೋ ಕಾಲಲ್ಲಿ "ನಿಮ್ಮ ಹೇರ್‌ಸ್ಟೈಲ್ ಚೆನ್ನಾಗಿದೆ" ಅಂದ್ಬಿಟ್ರು, ಏನ್ ಹೇಳ್ಬೇಕೋ ಗೊತ್ತಾಗದೆ ನೆಟ್‌ವರ್ಕ್ ಸರಿ ಇಲ್ಲ ಅಂತ ಕಟ್ ಮಾಡ್ದೆ. ಅಮ್ಮನ್ನ ಕೇಳಿದ್ರೆ "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡೋರೇ ಹೇಳಿದಾರೆ, ತಾಳಿ ಕಟ್ಟಿದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು" ಅಂತಾರೆ. ನಾನು ನಾನಾಗೇ ಇದ್ದಾಗ ಯಾರೂ ಒಪ್ಪಲಿಲ್ಲ ಅನ್ನೋದೂ ನಿಜ. ಏನ್ ಮಾಡ್ಲಿ?

ಕರಾವಳಿ_ಮಾಣಿ
ಮಾರಾಯ್ರೆ ಅದೆಲ್ಲ ಇರ್ಲಿ, ಮದುವೆಗೆ ಮುಂಚೆ ಎಣ್ಣೆ ಶಾಸ್ತ್ರ ಉಂಟಲ್ಲ, ಅವತ್ತು ಎಂತ ಮಾಡ್ತೀರಿ? ಸೋದರತ್ತೆ ಚಿಕ್ಕಮ್ಮ ಎಲ್ಲ ಸಾಲಾಗಿ ಬಂದು ತಲೆಗೆ ಎಣ್ಣೆ ಒತ್ತಿ ಬಿಸಿನೀರು ಹೊಯ್ತಾರೆ, ಎಣ್ಣೆ ಬಿದ್ರೆ ಆ ಅಂಟು ನಿಲ್ತದಾ? ಆಮೇಲೆ ಮಂಟಪದಲ್ಲಿ ಅಂತರಪಟ ಸರಿಸಿದ ಕೂಡ್ಲೇ ಹುಡುಗಿ ಜೀರಿಗೆ ಬೆಲ್ಲ ತಂದು ನಿಮ್ಮ ನೆತ್ತಿ ಮೇಲೇ ಇಡ್ಬೇಕು. ಫೋಟೋಗ್ರಾಫರ್ ಎದುರಿಗೇ ಇರ್ತಾನೆ.

ಬೆಣ್ಣೆದೋಸೆ_32
ಸಾರ್ ನಗು ಬಂತು ಆದ್ರೆ ಹೊಟ್ಟೆ ಒಳಗೆ ಚುರ್ ಅಂತು. ಎಣ್ಣೆ ಶಾಸ್ತ್ರದ ಬಗ್ಗೆ ಅಮ್ಮನೂ ಯೋಚ್ನೆ ಮಾಡಿಲ್ಲ ಅನ್ಸತ್ತೆ 😭

ವಧುವರ_ಆಂಟಿ_ಮೈಸೂರು
ಬೆಣ್ಣೆದೋಸೆ, ನಾನು ಮೈಸೂರಲ್ಲಿ ಮನೇಲೇ ವಧುವರರ ಮಾಹಿತಿ ಕೇಂದ್ರ ನಡೆಸ್ತೀನಿ, ಫೈಲುಗಳನ್ನ ನೋಡ್ತಾ ನೋಡ್ತಾನೇ ಕೂದಲು ಬೆಳ್ಳಗಾಗಿದ್ದು. ನಿಮ್ಮ ಅಮ್ಮನ್ನ ಬೈಯೋಕೆ ಹೋಗ್ಬೇಡಪ್ಪ, ಬಯೋಡೇಟಾ ಅನ್ನೋದನ್ನ ಯಾರೂ ಇದ್ದಂಗೆ ಬರೆಯೋದಿಲ್ಲ. ಐದಡಿ ಐದಿದ್ರೆ ಐದಡಿ ಏಳು, ಬಾಡಿಗೆ ಮನೆ ಇದ್ರೆ "ಸ್ವಂತ ನಿವೇಶನ ಇದೆ", ಹುಡುಗ ವಾರಕ್ಕೆರಡು ದಿನ ಕುಡೀತಾನೆ ಅಂದ್ರೆ "ಸೋಷಿಯಲ್", ಹುಡುಗಿಗೆ ಅನ್ನ ಇಡೋಕೂ ಬರ್ದಿದ್ರೂ "ಗೃಹಕೃತ್ಯದಲ್ಲಿ ನಿಪುಣೆ". ಜಾತಕನೇ ತಿದ್ದಿಸ್ಕೊಂಡು ಬರೋರಿದಾರೆ, ಮೂಲಾ ನಕ್ಷತ್ರದ ಹುಡುಗೀರ್ದು ಅರ್ಧದಷ್ಟು ಪೂರ್ವಾಷಾಢ ಆಗ್ಬಿಟ್ಟಿರತ್ತೆ. ಪಾಪ, ಮೂಲಾ ಅಂದ್ರೆ ಮಾವನಿಗೆ ಆಗಲ್ಲ ಅಂತ ಜನ ಬಾಗಿಲೇ ತೆಗೆಯಲ್ಲ, ಆ ತಂದೆ ತಾಯಿ ಇನ್ನೇನ್ ಮಾಡ್ಬೇಕು ಹೇಳಿ.

ಆದ್ರೆ ನಾನೊಂದು ಲೆಕ್ಕ ಇಟ್ಕೊಂಡಿದೀನಿ. ಮದುವೆ ಆದ ಮಾರನೇ ದಿನ ಬಚ್ಚಲುಮನೇಲೋ ಅಡುಗೆಮನೇಲೋ ತಾನಾಗೇ ಗೊತ್ತಾಗೋ ವಿಷ್ಯ ಇದ್ಯಲ್ಲ, ಅದನ್ನ ಮುಚ್ಚಿಡೋ ಮನೆಗೆ ನಾನು ಸಂಬಂಧ ತೋರಿಸಲ್ಲ. ನಕ್ಷತ್ರ ಬೇರೆ, ಅದು ಯಾರ ತಟ್ಟೆಗೂ ಬರಲ್ಲ. ನಿಂದು ದಿಂಬಿನ ಮೇಲೆ ಬರೋ ವಿಷ್ಯ. ನಿಶ್ಚಿತಾರ್ಥಕ್ಕೆ ಛತ್ರ ಬುಕ್ ಮಾಡೋಕೆ ಮುಂಚೆ ಹೇಳು, ನೀನೇ ಹೇಳು, ನನ್ನಂಥ ಮಧ್ಯಸ್ಥರ ಕೈಲಿ ಹೇಳಿಸ್ಬೇಡ. ನಾವು ಹೇಳೋವಾಗ ಅದನ್ನೂ ಸ್ವಲ್ಪ ಮೆತ್ತಗೆ ಮಾಡೇ ಹೇಳ್ತೀವಿ.

ಜಯನಗರ_ಫೋರ್ತ್_ಬ್ಲಾಕ್
ಆಂಟಿ ನೀವು ಸೂಪರ್. ಆದ್ರೆ "ಗೃಹಕೃತ್ಯದಲ್ಲಿ ನಿಪುಣೆ" ಬರೆದು ಬರೆದು ನಮ್ಮನ್ನ ಹಾಳ್ ಮಾಡಿದ್ದು ನಿಮ್ಮಂಥ ಕೇಂದ್ರದೋರೇ ಅಲ್ವಾ 😄

ನಾನು ಡೇಟಿಂಗ್ ಆ್ಯಪ್ ಕಡೆಯೋಳು, ಅದ್ರ ಅನುಭವ ಹೇಳ್ತೀನಿ. ಅಲ್ಲಿ ಜಾತಕ ಇಲ್ಲ, ಅಮ್ಮ ಇಲ್ಲ, ಯಾರೂ ತಿದ್ದೋರಿಲ್ಲ, ಆದ್ರೂ ಹುಡುಗರೆಲ್ಲ ಒಂದೇ ಅಚ್ಚು. ಹಿಂಜ್‌ನಲ್ಲಿ ಆರು ಫೋಟೋ, ಮೂರು ಪ್ರಶ್ನೆಗೆ ಉತ್ತರ ಬರೀಬೇಕು, ಮನುಷ್ಯ ಹೆಂಗೆ ಅಂತ ಗೊತ್ತಾಗ್ಲಿ ಅಂತಾನೇ ಅದನ್ನ ಇಟ್ಟಿರೋದು. ಅದ್ರಲ್ಲಿ ಬರೆಯೋದೇನು? ಟ್ರಾವೆಲ್, ಕಾಫಿ, ನಾಯಿ, ನಂದಿ ಬೆಟ್ಟದ ಸೂರ್ಯೋದಯ. ಬಂಬಲ್‌ನಲ್ಲಿ ಹುಡುಗೀನೇ ಮೊದ್ಲು ಮೆಸೇಜ್ ಮಾಡ್ಬೇಕು ಅನ್ನೋ ರೂಲ್ ಇಟ್ಟೇ ಶುರು ಮಾಡಿದ್ರು, ಸರಿ, ಆದ್ರೆ ನಾನೇನಂತ ಮಾಡ್ಲಿ, ಹಿಡ್ಕೊಳೋಕೆ ಒಂದು ಕೊಕ್ಕೇನೂ ಇರಲ್ಲ ಆ ಪ್ರೊಫೈಲಲ್ಲಿ. ಒಬ್ಬ ಮಾತ್ರ "ಭಾನುವಾರ ಬೆಳಗ್ಗೆ ಅಪ್ಪನ ಜೊತೆ ಗಾಂಧಿ ಬಜಾರಿಗೆ ಹೋಗಿ ಸೊಪ್ಪಿನ ರೇಟಿಗೆ ಜಗಳ ಆಡ್ತೀನಿ, ಸೋಲ್ತೀನಿ" ಅಂತ ಬರ್ದಿದ್ದ. ನಾನು ತಕ್ಷಣ ಯಾವ ಸೊಪ್ಪು ಅಂತ ಕೇಳ್ದೆ. ಮದುವೆ ಏನೂ ಆಗ್ಲಿಲ್ಲ, ಬಾಂಬೆಗೆ ಹೋದ, ಈಗ್ಲೂ ಫ್ರೆಂಡು. ಬೆಣ್ಣೆದೋಸೆ, ಬೋಳು ತಲೆ ಫೋಟೋ ಹಾಕಿ ಬಿಂದಾಸ್ ಆಗಿರೋರು ಆ್ಯಪಲ್ಲಿ ಎಷ್ಟೋ ಜನ ಇದಾರೆ, ಚೆನ್ನಾಗೇ ಕಾಣ್ತಾರೆ. ಅಂಟು ಹಾಕಿರೋದು ಮಾತ್ರ ಹತ್ರ ಕೂತ್ರೆ ಗೊತ್ತಾಗೇ ಗೊತ್ತಾಗತ್ತೆ, ಹಣೆ ಅಂಚಲ್ಲಿ ಹೊಳೆಯತ್ತೆ.

ಸ್ಯಾನ್‌ಹೋಸೆ_ಸೀನ
ಇಲ್ಲಿ ಅಮೆರಿಕದಲ್ಲೂ ಕಥೆ ಅದೇ. ಟೋಮಾ, ಹ್ಯಾನ್‌ಕಾಕ್, ಎಲಿಸನ್ ಅನ್ನೋ ಸಂಶೋಧಕರು ನ್ಯೂಯಾರ್ಕ್‌ನಲ್ಲಿ 80 ಜನ ಆನ್‌ಲೈನ್ ಡೇಟಿಂಗ್ ಮಾಡೋರನ್ನ ಕರೆಸಿ ಟೇಪ್ ಹಿಡಿದು ಎತ್ತರ ಅಳೆದು, ತೂಕ ಹಾಕಿ, ಲೈಸೆನ್ಸಲ್ಲಿ ವಯಸ್ಸು ನೋಡಿ, ಅವರವರ ಪ್ರೊಫೈಲಿಗೆ ಹೋಲಿಸಿದ್ರು. 2008ರಲ್ಲಿ ಪ್ರಕಟ ಆಯ್ತು. ನೂರಕ್ಕೆ 81 ಜನ ಈ ಮೂರರಲ್ಲಿ ಒಂದಾದ್ರೂ ತಪ್ಪು ಕೊಟ್ಟಿದ್ರು. ಆದ್ರೆ ಗಮನಿಸಿ, ಬಹಳಷ್ಟು ಸುಳ್ಳು ಸಣ್ಣವು, ಎದುರಿಗೆ ಬಂದಾಗ ಕಣ್ಣಿಗೆ ಬೀಳದಷ್ಟು. ಅಂದ್ರೆ ಭೇಟಿ ಆಗೇ ಆಗ್ತೀವಿ ಅನ್ನೋದು ಜನಕ್ಕೆ ತಲೇಲಿರತ್ತೆ, ಸಿಕ್ಕಿಹಾಕ್ಕೊಳ್ದಷ್ಟು ಮಾತ್ರ ಉಬ್ಬಿಸ್ತಾರೆ. ಆಂಟಿ ಹೇಳಿದ ಐದಡಿ ಐದು ಐದಡಿ ಏಳಾಗೋದು ಪ್ರಪಂಚದ ಎಲ್ಲಾ ಕಡೆ ಇದೆ.

ಕರಿಕೋಟು_ಹಾಸನ
ವಕೀಲನಾಗಿ ಒಂದು ಮಾತು. ಹಿಂದೂ ವಿವಾಹ ಕಾಯ್ದೆ 1955, ಸೆಕ್ಷನ್ 12(1)(ಸಿ). ಮುಖ್ಯವಾದ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದ್ರೆ ಮದುವೆ ರದ್ದು ಮಾಡಿ ಅಂತ ಕೇಳ್ಬಹುದು, ಮೋಸ ಗೊತ್ತಾಗಿ ಒಂದು ವರ್ಷದೊಳಗೆ ಅರ್ಜಿ ಹಾಕ್ಬೇಕು, ಗೊತ್ತಾದ್ಮೇಲೂ ಇಷ್ಟಪಟ್ಟು ಜೊತೇಲೇ ಇದ್ರೆ ಆ ದಾರಿ ಮುಚ್ಚಿಹೋಗತ್ತೆ. ಯಾವ್ದು "ಮುಖ್ಯವಾದ ಸಂಗತಿ" ಅನ್ನೋದನ್ನ ಕೋರ್ಟು ಆಯಾ ಕೇಸ್ ನೋಡಿ ಹೇಳತ್ತೆ. ಹೇರ್ ಪ್ಯಾಚಿಗೆ ಯಾರೂ ಕೋರ್ಟಿಗೆ ಬರಲ್ಲ ಅಂತ ನನ್ನ ಅಂದಾಜು, ಆದ್ರೆ ಮೊದಲನೇ ಮದುವೆ, ದೊಡ್ಡ ಕಾಯಿಲೆ ಇವನ್ನ ಮುಚ್ಚಿಟ್ಟು ಬಂದು ಅಳೋರನ್ನ ದಿನಾ ನೋಡ್ತೀನಿ.

ಧಾರವಾಡದಾಕಿ
ವಕೀಲ್ ಸಾಹೇಬ್ರ, ಕಾಯಿಲೆ ಅಂದ್ರಲ್ಲ, ಅದಕ್ಕ ಬರ್ಯಾಕತ್ತೀನಿ. ಸಣ್ಣಾಕಿ ಇದ್ದಾಗಿಂದ ನಂಗ ಫಿಟ್ಸ್ ಐತಿ. ಗುಳಿಗಿ ತೊಗೊಂಡ್ರ ಏನೂ ಆಗಂಗಿಲ್ಲ, ಎಷ್ಟೋ ವರ್ಷದಿಂದ ಒಮ್ಮೆನೂ ಬಂದಿಲ್ಲ. ಮೊದಲೆಲ್ಲಾ ಕಾಯ್ದೇದಾಗ ಫಿಟ್ಸ್ ಇದ್ದೋರ ಲಗ್ನಕ್ಕ ಅಡ್ಡಿ ಇತ್ತು, 1999ರಾಗ ತಿದ್ದುಪಡಿ ಮಾಡಿ ಆ ಶಬ್ದ ತೆಗದ್ರು, ವಕೀಲರಿಗೆ ಗೊತ್ತಿರ್ತದ. ಕಾಯ್ದೇದಿಂದ ತೆಗದ್ರೂ ಮಂದಿ ತಲಿಯಿಂದ ತೆಗದಿಲ್ಲ ನೋಡ್ರಿ.

ನಮ್ಮವ್ವಗೂ ಇದ ಸಾವಿರ ಸುಳ್ಳಿನ ಮಾತ ಬಾಯಾಗ. ಗುಳಿಗಿ ಡಬ್ಬಿ ಮ್ಯಾಲಿನ ಚೀಟಿ ಹರದು ವಿಟಮಿನ್ ಅಂತ ಹೇಳು ಅಂದಿದ್ಳು. ನಮ್ಮ ಓಣ್ಯಾಗ ಒಬ್ಬಾಕಿ ಹಂಗ ಮಾಡಿ ಅತ್ತಿ ಮನ್ಯಾಗ ಗುಳಿಗಿ ತೊಗೊಳಾಕ ಹೆದರಿ ಬಿಟ್ಟುಬಿಟ್ಳು, ಮ್ಯಾಲೆ ಲಗ್ನದ ಗದ್ದಲದಾಗ ಮೂರು ರಾತ್ರಿ ನಿದ್ದಿ ಇಲ್ಲ, ನಿದ್ದಿಗೆಟ್ರ ಮೊದಲ ಬರೋದು ಅದ, ಸತ್ಯನಾರಾಯಣ ಪೂಜಾದಾಗ ಎಲ್ಲಾರ ಮುಂದ ಬಿದ್ಳು. ಅಕಿನ್ನ ವಾಪಸ್ ಕಳಸಿದ್ರು. ಅದನ್ನ ನೋಡಿ ನಾ ಅವ್ವಗ ಖಡಾಖಡಿ ಹೇಳಿದೆ, ಬಯೋಡೇಟಾದಾಗ ಬರಿಯೂದು ಬ್ಯಾಡ, ಆದ್ರ ಹುಡುಗನ ಕೂಡ ನಾ ಒಬ್ಬಾಕಿನ ಕುಂತು ಮಾತಾಡೂ ಹೊತ್ತಿನ್ಯಾಗ ನಾನ ಹೇಳ್ತೀನಿ ಅಂತ.

ಹೇಳಿದ ಕೂಡ್ಲೆ ಎದ್ದು ಹೋದೋರು ಅದಾರ. "ಮನ್ಯಾಗ ವಿಚಾರ ಮಾಡಿ ಹೇಳ್ತೀವಿ" ಅಂದು ಫೋನ್ ಎತ್ತಲಾರದೋರು ಅದಾರ. ಒಬ್ಬರ ತಾಯಿ ಅಂತೂ ಚಾದ ಕಪ್ಪು ಅಲ್ಲೇ ಇಟ್ಟು ಹೋದ್ರು, ಅದು ಅಂಟುರೋಗ ಅಲ್ರಿ ಅಂದ್ರೂ ಕೇಳಲಿಲ್ಲ. ಈಗ ನನ್ನ ಗಂಡ ಆಗಿರೋ ಮನಶ್ಯಾ, ಅವರು ಸುಮ್ಮನ ಕೇಳಿಸ್ಕೊಂಡು "ಹಂಗ ಬಂದ್ರ ನಾ ಏನ್ ಮಾಡಬೇಕು?" ಅಂದ್ರು. ನಾ ಹೇಳಿದೆ, ಬಾಯಾಗ ಏನೂ ಹಾಕಬ್ಯಾಡ್ರಿ, ಕೈಯಾಗ ಕಬ್ಬಿಣ ಕೀಲಿ ಕೊಡೂದು, ಚಪ್ಪಲಿ ಮೂಸಿಸೂದು ಯಾವ್ದೂ ಬ್ಯಾಡ, ಒಂದ್ ಮಗ್ಗಲಿಗೆ ಹೊಳ್ಳಿಸಿ ಮಲಗಿಸ್ರಿ, ಗಡಿಯಾರ ನೋಡ್ರಿ, ಐದು ನಿಮಿಷ ದಾಟಿದ್ರ ದವಾಖಾನಿಗೆ ಒಯ್ರಿ. ಅವರು ಕಿಸೆದಾಗಿಂದ ಪೆನ್ನು ತಗದು ಬಸ್ ಟಿಕೀಟ್ ಹಿಂದ ಬರ್ಕೊಂಡ್ರು. ಲಗ್ನದ ರಾತ್ರಿ ಮಂದಿ ಎಲ್ಲಾ ಎಚ್ಚರ ಇದ್ದಾಗ ನನ್ನನ್ನ ಹತ್ತು ಗಂಟೆಕ್ಕ ಮಲಗಿಸಿದ್ರು, ಅವರ ಅತ್ಯಾರು ಈಗೂ ಆ ಮಾತು ಆಡ್ತಾರ.

ತಮ್ಮಾ ಬೆಣ್ಣೆದೋಸೆ, ನಿಂದು ಬರೇ ಕೂದಲ. ಹೇಳು.

ಜಯನಗರ_ಫೋರ್ತ್_ಬ್ಲಾಕ್
ಬಸ್ ಟಿಕೆಟ್ ಹಿಂದೆ ಬರ್ಕೊಂಡ್ರು ಅನ್ನೋದು ಓದಿ ಆಫೀಸಲ್ಲೇ ಕಣ್ಣು ಒದ್ದೆ ಆಯ್ತು ಅಕ್ಕ.

ನಾಲೆ_ಏರಿ_ಮಂಡ್ಯ
ಎಲ್ಲಾ ಸರಿ ಕಣಣ್ಣ, ಆದ್ರೆ ನಂದೊಂದು ಕೇಳಿ. ನೀವೆಲ್ಲ "ನಿಜ ಹೇಳು, ನೀನು ನೀನಾಗಿರು" ಅಂತೀರಲ್ಲ, ನಾನು ನಾನೇ ಆಗಿದೀನಿ, ರೈತ ಅಂತ. ಬಯೋಡೇಟಾದಲ್ಲಿ ಆ ಒಂದು ಪದ ನೋಡ್ತಿದ್ದಂಗೆ ಪೇಜು ತಿರುಗ್ಸ್ತಾರೆ. ಬಿ.ಕಾಂ ಮಾಡಿದೀನಿ, ನಾಲೆ ನೀರು ಐತೆ, ಎರಡೂಮುಕ್ಕಾಲು ಎಕರೆಲಿ ಕಬ್ಬು, ಒಂದೆಕರೆ ಹಿಪ್ಪುನೇರಳೆ, ರೇಷ್ಮೆ ಮನೆ ಕಟ್ಸಿದೀನಿ. ಬೆಂಗಳೂರಲ್ಲಿ ಹದಿನೆಂಟು ಸಾವ್ರಕ್ಕೆ ಸೆಕ್ಯೂರಿಟಿ ಕೆಲ್ಸ ಮಾಡೋ ನಮ್ಮೂರ್ ಹುಡುಗಂಗೆ ಹೆಣ್ಣು ಸಿಗ್ತು, ನಂಗಿಲ್ಲ. ಉತ್ಪ್ರೇಕ್ಷೆ ಅನ್ಕೋಬ್ಯಾಡಿ, 2022ರ ನವೆಂಬರಲ್ಲಿ ಆದಿಚುಂಚನಗಿರಿಲಿ ನಮ್ ಒಕ್ಕಲಿಗರ ವಧುವರ ಸಮಾವೇಶ ಆಯ್ತಲ್ಲ, ಪೇಪರಲ್ಲೆಲ್ಲ ಬಂದಿತ್ತು, ಹೆಣ್ಮಕ್ಳು ಸುಮಾರು 250, ಗಂಡುಗಳು 11,000ದ ಮೇಲೆ. ಮುಂದಿನ್ ವರ್ಷ ಫೆಬ್ರವರಿಲಿ ಮದ್ದೂರ್ ಕಡೆಯಿಂದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಮಾಡಿದ್ರು. ಟೀವಿಯೋರು ಕಾಮಿಡಿ ಥರ ತೋರಿಸಿದ್ರು, ನಡೆದೋರಿಗೆ ಕಾಮಿಡಿ ಆಗಿರ್ಲಿಲ್ಲ.

ನಮ್ ಕಡೆ ಈಗ ಹೊಸ ದಾರಿ ಏನಪ್ಪ ಅಂದ್ರೆ, ಹುಡುಗನ್ನ ಆರು ತಿಂಗ್ಳು ಬೆಂಗಳೂರಲ್ಲಿ ಯಾವ್ದೋ ಕಂಪ್ನಿಗೆ ಸೇರ್ಸಿ, ಐಡಿ ಕಾರ್ಡ್ ಹಾಕ್ಕೊಂಡು ಫೋಟೋ ತೆಗ್ಸಿ, ಮದ್ವೆ ಮಾಡಿ, ಆಮೇಕೆ ಊರಿಗೆ ವಾಪಸ್ ಕರ್ಕೊಬರೋದು. ನಮ್ಮವ್ವನೂ ಅದೇ ಯೋಳ್ತಾವ್ಳೆ. ನಂಗೆ ಮನ್ಸಿಲ್ಲ. ರೇಷ್ಮೆ ಹುಳ ಮೇಯಿಸೋ ಮನೆ ಅಂದ್ರೆ ಏನು ಅಂತ ಬರೋಳಿಗೆ ಗೊತ್ತಿರ್ಬೇಕಲ್ವ, ನಾಲ್ಕನೇ ಜ್ವರ, ಅಂದ್ರೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಒಂದು ವಾರ ಮನೇಲಿ ಯಾರಿಗೂ ನಿದ್ದೆ ಇರಲ್ಲ, ರಾತ್ರಿ ಹನ್ನೆರಡಕ್ಕೂ ಸೊಪ್ಪು ಹಾಕ್ಬೇಕು, ಇಡೀ ಬೆಳೆಲಿ ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿನ ಮೇಲೆ ಆ ವಾರದಲ್ಲೇ ತಿಂತವೆ, ಕತ್ಲಲ್ಲಿ ಕೂತ್ರೆ ಮಳೆ ಹುಯ್ದಂಗೆ ಸದ್ದು. ಹಣ್ಣುಳ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆದ ಹುಳ ಆಯ್ದು, ಗೂಡು ಕಟ್ಟೋ ತಟ್ಟೆ ಚಂದ್ರಿಕೆಗೆ ಬಿಡೋ ದಿನ ನೆಂಟ್ರ ಮನೇಲಿ ಮದ್ವೆ ಇದ್ರೂ ಹೋಗಂಗಿಲ್ಲ. ಐಡಿ ಕಾರ್ಡ್ ತೋರ್ಸಿ ಕರ್ಕೊಬಂದ್ರೆ ಅವ್ಳು ಮೊದಲ್ನೇ ಬೆಳೆಗೇ ತವ್ರಿಗೆ ಒಂಟೋಯ್ತಾಳೆ.

ಅಂದ್ರೆ ಬೆಣ್ಣೆದೋಸೆ ಅಣ್ಣಂಗೆ ನಿಜ ಹೇಳಿದ್ರೆ ಒಬ್ಳು ಬ್ಯಾಡ ಅನ್ಬಹುದು, ಇನ್ನೊಬ್ಳು ಸಿಗ್ತಾಳೆ. ನಂಗೆ ನಿಜ ಹೇಳಿದ್ರೆ ಮಾತುಕತೆನೇ ಶುರುವಾಗಲ್ಲ. ಎರಡೂ ಒಂದೇ ಅಲ್ಲ ಕಣಪ್ಪ.

ಸುಮ್ನಿರೋನು
ನಾಲೆ ಏರಿ ಬ್ರದರ್ ಹೇಳಿದ್ದಕ್ಕೆ ನಂದೂ ಒಂದು ಸೇರಿಸ್ತೀನಿ, ಈ ಐಡಿನ ಇದಕ್ಕೋಸ್ಕರನೇ ಮಾಡಿದೀನಿ. ನಾನು ಗೇ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಷ್ಯದಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಾಗ ಹಾಸ್ಟೆಲ್ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ. 2023ರ ಅಕ್ಟೋಬರಲ್ಲಿ ಮದುವೆ ಹಕ್ಕು ಕೋರ್ಟಿಂದ ಸಿಗಲ್ಲ, ಅದು ಸಂಸತ್ತಿಗೆ ಬಿಟ್ಟಿದ್ದು ಅಂದ್ರು. ಮನೇಲಿ ಗೊತ್ತಿಲ್ಲ. ಹುಡುಗಿ ಫೋಟೋ ತೋರಿಸ್ತಾನೇ ಇದಾರೆ, ನಾನು ಜಾತಕ ಸರಿ ಇಲ್ಲ, ಆನ್‌ಸೈಟ್ ಇದೆ ಅಂತ ತಳ್ತಾ ಇದೀನಿ. ಮನೇಲಿ ಪೂರ್ತಿ ನಿಜ ಹೇಳೋ ಧೈರ್ಯ ಸದ್ಯಕ್ಕಿಲ್ಲ, ಆದ್ರೆ ಒಂದು ಹುಡುಗಿನ ಮದುವೆಯಾಗಿ ಅವಳ ಬಾಳು ಹಾಳು ಮಾಡಲ್ಲ ಅನ್ನೋದು ಮಾತ್ರ ಗಟ್ಟಿ. ಇಷ್ಟೇ.

ಧಾರವಾಡದಾಕಿ
ತಮ್ಮಾ, ನೀ ಇಷ್ಟು ಗಟ್ಟಿ ಹಿಡದದ್ದ ದೊಡ್ಡ ಮಾತು. ಅವಸರ ಮಾಡಬ್ಯಾಡ. ಮನಿಯವರಿಗೆ ಹೇಳೂ ಮೊದಲ ನಿನ್ನ ಕೈಯಾಗ ನೌಕರಿ, ಇರಾಕ ಒಂದ್ ಜಾಗ, ನಂಬುವಂಥ ಒಬ್ಬ ದೋಸ್ತ ಇಷ್ಟು ಇರ್ಲಿ.

ಗುರುರಾಜ_ಭಕ್ತ
ಏನೇ ಹೇಳಿ, ಅರೇಂಜ್ಡ್ ಮದುವೇಲಿ ಎಲ್ಲಾ ಬಿಚ್ಚಿ ಹೇಳ್ತಾ ಕೂತ್ರೆ ಯಾವ ಮದುವೇನೂ ಆಗಲ್ಲ. ನಮ್ಮ ಅಪ್ಪ ಅಮ್ಮ ಮದುವೆಗೆ ಮುಂಚೆ ಮಾತೇ ಆಡಿರ್ಲಿಲ್ಲ, ನಲವತ್ತು ವರ್ಷ ಸಂಸಾರ ಮಾಡಿಲ್ವಾ.

ವಧುವರ_ಆಂಟಿ_ಮೈಸೂರು
ಮಾಡಿದಾರಪ್ಪ, ಯಾರು ಎಷ್ಟು ನುಂಗ್ಕೊಂಡ್ರು ಅಂತ ನಿಮ್ಮ ಅಮ್ಮನ್ನ ಒಂದ್ಸಲ ಒಬ್ರೇ ಇರೋವಾಗ ಕೇಳಿ ನೋಡಿ. ಎಲ್ಲಾ ಬಿಚ್ಚಿ ಹೇಳು ಅಂತ ಇಲ್ಲಿ ಯಾರೂ ಅಂದಿಲ್ಲ. ಕಾಲೇಜಲ್ಲಿ ಯಾರನ್ನೋ ಇಷ್ಟಪಟ್ಟಿದ್ದೆ ಅನ್ನೋದನ್ನ ಮೊದಲನೇ ಭೇಟೀಲೇ ಉಪ್ಪಿಟ್ಟು ತಿಂತಾ ಹೇಳೋ ಹುಡುಗರೂ ಇದಾರೆ, ಅದು ಪ್ರಾಮಾಣಿಕತೆ ಅಲ್ಲ, ಭಾರ ಇಳಿಸ್ಕೊಳೋದು. ಆರೋಗ್ಯ, ಸಾಲ, ಕೆಲಸ, ಎಲ್ಲಿ ಇರೋದು, ಮಕ್ಕಳು ಬೇಕೋ ಬೇಡ್ವೋ, ಇಷ್ಟು ನಿಶ್ಚಯಕ್ಕೆ ಮುಂಚೆ. ಮಿಕ್ಕಿದ್ದು ಅವರವರ ಇಷ್ಟ.

ಬೆಣ್ಣೆದೋಸೆ_32
ಎಲ್ರಿಗೂ ಥ್ಯಾಂಕ್ಸ್. ಧಾರವಾಡದ ಅಕ್ಕ ಬರ್ದಿದ್ದು ಓದಿ ರಾತ್ರಿನೇ ಫೋನ್ ಮಾಡಿ ಹೇಳ್ದೆ. ಪ್ಯಾಚ್ ಇಲ್ದಿರೋ ಹಳೇ ಆಫೀಸ್ ಫೋಟೋನೂ ಕಳಿಸ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ಪೇಪರ್ ವ್ಯಾಲ್ಯುಯೇಶನ್ ಇದೆ, ಭಾನುವಾರ ಮಾತಾಡ್ತೀನಿ" ಅಂತ ಇಟ್ಬಿಟ್ರು. ಭಾನುವಾರದ ತನಕ ನಾನು ಬದುಕಿದ್ದು ಹೆಂಗೆ ಅಂತ ಕೇಳ್ಬೇಡಿ. ಭಾನುವಾರ ಫೋನ್ ಮಾಡಿ ಮೊದ್ಲು ಕೇಳಿದ್ದೇನು ಗೊತ್ತಾ, "ನಿಮ್ಮ ಅಪ್ಪನ ಕಡೆಯಿಂದ ಬಂದಿದ್ದಾ, ತಾಯಿ ಕಡೆಯಿಂದನಾ, ಮಕ್ಕಳಿಗೂ ಬರತ್ತಾ?" ಬಯಾಲಜಿ ಟೀಚರ್ರು ಸ್ವಾಮಿ! ಎರಡೂ ಕಡೆಯಿಂದ ಬರಬಹುದು ಅಂತ ಅವರೇ ಹತ್ತು ನಿಮಿಷ ಪಾಠ ಮಾಡಿದ್ರು. ಕೋಪಾನೂ ಇತ್ತು, ಹೇರ್‌ಸ್ಟೈಲ್ ಹೊಗಳಿದಾಗ ಫೋನ್ ಯಾಕೆ ಕಟ್ ಮಾಡಿದ್ರಿ ಅಂತ ಚೆನ್ನಾಗೇ ಬೈದ್ರು. ಇನ್ನೂ ಏನೂ ಫೈನಲ್ ಅಲ್ಲ, ಮುಂದಿನ ವಾರ ಪ್ಯಾಚ್ ತೆಗೆದು ಶಿವಮೊಗ್ಗಕ್ಕೆ ಬನ್ನಿ, ಅಣ್ಣನೂ ನೋಡ್ಬೇಕಂತೆ ಅಂದಿದಾರೆ. ಅಮ್ಮ ನನ್ನ ಹತ್ರ ಮಾತು ಬಿಟ್ಟಿದಾರೆ, ತಿಂಡಿ ಮಾತ್ರ ಟೇಬಲ್ ಮೇಲೆ ಇಟ್ಟಿರ್ತಾರೆ.

ಕರಾವಳಿ_ಮಾಣಿ
ಅಂಟು ತೆಗೀವಾಗ ಜಾಗ್ರತೆ ಮಾರಾಯ್ರೆ, ಚರ್ಮ ಕೆಂಪಾಗ್ತದೆ, ಎರಡು ದಿನ ಮುಂಚೆನೇ ತೆಗೆಸಿ. ಇಲ್ಲದಿದ್ರೆ ಹುಡುಗಿ ಅಣ್ಣ ಅದು ಬೇರೆ ಎಂತದೋ ರೋಗ ಅಂದ್ಕೊಂಡಾನು.

ಜಯನಗರ_ಫೋರ್ತ್_ಬ್ಲಾಕ್
ನಾಲೆ ಏರಿ ಅವ್ರೇ, ನೀವು ಮೇಲೆ ಬರೆದ ರೇಷ್ಮೆ ಹುಳದ ಪ್ಯಾರಾ ಇದ್ಯಲ್ಲ, ಅದೇ ನಿಮ್ಮ ಪ್ರೊಫೈಲಲ್ಲಿ ಇದೆಯಾ? "ವೃತ್ತಿ: ಕೃಷಿ" ಅಂತ ಒಂದೇ ಪದ ಹಾಕಿದ್ರೆ ಸಿಟಿ ಹುಡುಗಿಗೆ ಏನೂ ಗೊತ್ತಾಗಲ್ಲ, ತಲೇಲಿ ಬೇರೆ ಯಾವ್ದೋ ಚಿತ್ರ ಬರತ್ತೆ. ಎಲ್ರೂ ಒಪ್ತಾರೆ ಅಂತಿಲ್ಲ, ನಾನೇ ಒಪ್ತೀನಾ ಅಂದ್ರೆ ಸುಳ್ಳು ಹೇಳಲ್ಲ, ಒಪ್ಪಲ್ಲ, ನಂಗೆ ಆ ರಾತ್ರಿ ಸೊಪ್ಪು ಹಾಕೋದು ಆಗಲ್ಲ. ಆದ್ರೆ ಓದಿದ್ಮೇಲೆ ಬೇಡ ಅನ್ನೋದಕ್ಕೂ ಓದ್ದೇ ಬೇಡ ಅನ್ನೋದಕ್ಕೂ ವ್ಯತ್ಯಾಸ ಇದೆ.

ನಾಲೆ_ಏರಿ_ಮಂಡ್ಯ
ಇಲ್ಲ ಕಣಕ್ಕ, ಅಲ್ಲಿ ಡಬ್ಬದಲ್ಲಿ ಒಂದು ಆಯ್ಕೆ ಒತ್ತೋದಷ್ಟೆ. ಕೆಳಗೆ "ನನ್ನ ಬಗ್ಗೆ" ಅಂತ ಐತೆ, ಅದ್ರಲ್ಲಿ ನನ್ ತಂಗಿ ಇಂಗ್ಲೀಷಲ್ಲಿ ಸಿಂಪಲ್ ಮ್ಯಾನ್ ಅಂತ ಏನೋ ಹಾಕವ್ಳೆ. ಅದನ್ನ ತೆಗ್ದು ಇದನ್ನ ಹಾಕ್ತೀನಿ. ಫೋಟೋ ಸ್ಟುಡಿಯೋದ್ದು ಕೋಟ್ ಹಾಕ್ಕೊಂಡಿರೋದು ಐತೆ, ಅದೂ ಬದ್ಲಾಯಿಸ್ಬೇಕಾ?

ವಧುವರ_ಆಂಟಿ_ಮೈಸೂರು
ಕೋಟ್ ಫೋಟೋ ಒಂದಿರ್ಲಿ, ಅದನ್ನ ಹುಡುಗಿ ಅಜ್ಜಿ ನೋಡ್ತಾರೆ. ಇನ್ನೊಂದು ಹುಳದ ಮನೇಲಿ ಚಂದ್ರಿಕೆ ಹಿಡ್ಕೊಂಡು ತೆಗೆಸು, ಒಳ್ಳೇ ಬೆಳಕಿರೋವಾಗ. ತಿಂಗಳ ಆದಾಯ ಅಂತ ಅಂದಾಜಲ್ಲಿ ಹಾಕ್ಬೇಡ, ವರ್ಷಕ್ಕೆ ಎಷ್ಟು ಬೆಳೆ ಗೂಡು ತೆಗೀತೀಯ, ಯಾವ ಮಾರ್ಕೆಟ್ಟಿಗೆ ಹಾಕ್ತೀಯ ಅದನ್ನ ಬರಿ. ಸಾಲ ಏನಾದ್ರೂ ಇದ್ಯಾ?

ನಾಲೆ_ಏರಿ_ಮಂಡ್ಯ
ರಾಮನಗರ ಮಾರ್ಕೆಟ್ಗೆ ಹಾಕೋದು ಆಂಟಿ. ಸಾಲ ಸೊಸೈಟಿದು ಸೊನ್ನೆ ಬಡ್ಡಿದು ಐತೆ, ಹುಳದ ಮನೆ ಕಟ್ಟಕೆ ಬ್ಯಾಂಕಿಂದೂ ಸ್ವಲ್ಪ ಐತೆ. ಅದನ್ನೂ ಪ್ರೊಫೈಲಲ್ಲಿ ಹಾಕ್ಬೇಕಾ?

ವಧುವರ_ಆಂಟಿ_ಮೈಸೂರು
ಪ್ರೊಫೈಲಲ್ಲಿ ಬೇಡ. ಹುಡುಗಿ ಅಪ್ಪ ಜಮೀನು ನೋಡೋಕೆ ಬರ್ತಾರಲ್ಲ, ಅವತ್ತು ಅವರು ಕೇಳೋಕೆ ಮುಂಚೆ ನೀನೇ ಹೇಳು. ಪಹಣೀಲಿ ಋಣದ ಕಾಲಂನಲ್ಲಿ ಹೆಂಗೂ ಬಂದಿರತ್ತೆ.

ನಾಲೆ_ಏರಿ_ಮಂಡ್ಯ
ಅದೂ ನಿಜ. ಈಗೆಲ್ಲ ಬರೋಕ್ ಮುಂಚೇನೆ ಸರ್ವೆ ನಂಬರ್ ಕೇಳ್ಕೊಂಡು ಮೊಬೈಲಲ್ಲೇ ಪಹಣಿ ತೆಗ್ದು ನೋಡ್ಬುಟ್ಟೇ ಬತ್ತಾರೆ ಆಂಟಿ, ನಮ್ಗೆ ಕಾಫಿ ಕೊಡೋ ಹೊತ್ಗೆ ಅವ್ರಿಗೆ ಸಾಲ ಎಷ್ಟು ಅಂತ ಪೈಸೆ ಸಮೇತ ಗೊತ್ತಿರ್ತದೆ 😂